ತಾತನ ವಠಾರವನ್ನು ಕೆಡವದೆ, ಬಾಡಿಗೆಯವರನ್ನು ಬಿಡಿಸದೆ ದುರಸ್ತಿ ಮಾಡುವ ದಾರಿ ಇದೆಯೇ?

ಅಗ್ರಹಾರದ ಮೊಮ್ಮಗಳು, ಮೈಸೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೈಸೂರಿನ ಅಗ್ರಹಾರದ ಒಳಬೀದಿಯೊಂದರಲ್ಲಿ ನಮ್ಮ ತಾತ 1930ರ ದಶಕದಲ್ಲಿ ಕಟ್ಟಿಸಿದ ವಠಾರವೊಂದಿದೆ. ನಡುವೆ ಬಾವಿಯಿರುವ ಅಂಗಳ, ಅದರ ಸುತ್ತ ಎಂಟು ಮನೆಗಳು, ಬೀದಿಯ ಕಡೆಗೆ ಉದ್ದನೆಯ ಜಗಲಿ. ಆರು ಮನೆಗಳಿಗೆ ಮದ್ರಾಸ್ ತಾರಸಿ, ಹಿಂಭಾಗದ ಎರಡಕ್ಕೆ ಮಂಗಳೂರು ಹೆಂಚು. ಪ್ರತಿ ಮನೆಯಲ್ಲೂ ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ ಅಷ್ಟೇ. ಬಚ್ಚಲು ಮತ್ತು ಪಾಯಿಖಾನೆಗಳು ಹಿತ್ತಿಲಿನಲ್ಲಿ ಸಾಲಾಗಿವೆ.

ಈಗ ಐದು ಮನೆಗಳಲ್ಲಿ ಸಂಸಾರಗಳಿವೆ. ಮಾರುಕಟ್ಟೆಯಲ್ಲಿ ಹೂವು ಮಾರುವವರು, ಮದುವೆ ಮನೆಗಳಿಗೆ ಅಡುಗೆಗೆ ಹೋಗುವವರು, ಒಬ್ಬ ದರ್ಜಿ, ಒಬ್ಬ ಆಟೋ ಚಾಲಕ, ಒಬ್ಬಂಟಿಯಾಗಿರುವ ನಿವೃತ್ತ ಶಿಕ್ಷಕಿ. ತಿಂಗಳಿಗೆ 2,500ರಿಂದ 4,000 ರೂಪಾಯಿ ಬಾಡಿಗೆ ಕೊಡುತ್ತಾರೆ. ಇವರಲ್ಲಿ ಯಾರಿಗೂ ಇದೇ ದುಡ್ಡಿಗೆ ಕೆಲಸದ ಜಾಗಕ್ಕೆ ನಡೆದುಹೋಗುವಷ್ಟು ಹತ್ತಿರ ಬೇರೆ ಮನೆ ಸಿಗುವುದಿಲ್ಲ. ಉಳಿದ ಮೂರು ಮನೆಗಳು ಸೋರಿಕೆಯಿಂದಾಗಿ ಕೆಲವು ವರ್ಷಗಳಿಂದ ಖಾಲಿ ಬಿದ್ದಿವೆ. ಹಿಂದೆ ಒಬ್ಬ ಗುತ್ತಿಗೆದಾರರು ಗೋಡೆಗಳಿಗೆಲ್ಲ ಸಿಮೆಂಟು ಗಿಲಾವು ಮಾಡಿಕೊಟ್ಟರು. ಈಗ ಅದು ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿದೆ, ಗೋಡೆಯ ಬುಡದಲ್ಲಿ ಮೊದಲಿಗಿಂತ ಹೆಚ್ಚು ಥಂಡಿ ಕಾಣುತ್ತಿದೆ.

ಆಸ್ತಿಗೆ ನಾವು ನಾಲ್ವರು ಹಕ್ಕುದಾರರು: ನಾನು, ನನ್ನ ಅಕ್ಕ, ಚಿಕ್ಕಪ್ಪನ ಇಬ್ಬರು ಮಕ್ಕಳು. ಕೆಡವಿ ಅಪಾರ್ಟ್‌ಮೆಂಟು ಕಟ್ಟುವ ಪ್ರಸ್ತಾಪವೊಂದು ಬಂದಿದೆ. ಜಗಲಿ, ಕಂಬಗಳನ್ನು ಚೆಂದ ಮಾಡಿ ಪ್ರವಾಸಿಗರಿಗೆ ಹೋಂಸ್ಟೇ ಮಾಡೋಣವೆಂದು ತಮ್ಮನೊಬ್ಬ ಹೇಳುತ್ತಾನೆ. ಅಕ್ಕನಿಗೆ ಮತ್ತು ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ. ಕಟ್ಟಡ ಉಳಿದು ಅದರಲ್ಲಿದ್ದವರು ಹೋಗುವುದಾದರೆ ತಾತ ಕಟ್ಟಿಸಿದ್ದು ಉಳಿದಂತಾಗುವುದಿಲ್ಲ ಎಂಬುದು ನಮ್ಮ ಭಾವನೆ, ಏಕೆಂದರೆ ಅವರು ಕಟ್ಟಿಸಿದ್ದು ಬಾಡಿಗೆಗೆ ಬರುವ ಸಣ್ಣ ಸಂಸಾರಗಳಿಗೆಂದೇ. ಆದರೆ ಹೆದರಿಕೆಯೂ ಇದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದನ್ನೂ 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದನ್ನೂ ಈ ಊರಿನವರು ಮರೆತಿಲ್ಲ. ನಮ್ಮ ಸೂರಿನ ಕೆಳಗೆ ಮಕ್ಕಳು ಮಲಗುತ್ತಾರೆ.

ಕೇಳಬೇಕಾದದ್ದು ಇಷ್ಟು. ಇಂಥ ಕಟ್ಟಡವನ್ನು ಮಿತವಾದ ಖರ್ಚಿನಲ್ಲಿ ಭದ್ರಪಡಿಸಲು ಸಾಧ್ಯವೇ, ಕೆಲಸವನ್ನು ಎಲ್ಲಿಂದ ಆರಂಭಿಸಬೇಕು, ದುರಸ್ತಿಯ ನಂತರವೂ ಬಾಡಿಗೆ ಈಗಿರುವವರ ಕೈಗೆ ಎಟಕುವಂತೆ ಉಳಿಸಿಕೊಂಡವರು ಎಲ್ಲಾದರೂ ಇದ್ದಾರೆಯೇ?

ಸುಣ್ಣ-ಗಾರೆ (ಉತ್ತರ)

ಮೇಡಂ, ನಾನು ಕಟ್ಟಡ ಎಂಜಿನಿಯರ್. ಮೂವತ್ತು ವರ್ಷಗಳಿಂದ ಹಳೆಯ ಮನೆಗಳ ದುರಸ್ತಿಯನ್ನೇ ಮಾಡುತ್ತಿದ್ದೇನೆ. ಕಟ್ಟಡವನ್ನು ಕಣ್ಣಾರೆ ನೋಡದೆ ಭದ್ರವಾಗಿದೆ ಎಂದು ಯಾರೂ ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ನೀವು ವರ್ಣಿಸಿದ ಲಕ್ಷಣಗಳಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ನಿಮ್ಮ ವಠಾರಕ್ಕೆ ಹಿಡಿದಿರುವ ಕಾಯಿಲೆ ವಯಸ್ಸಲ್ಲ, ನೀರು.

ಮದ್ರಾಸ್ ತಾರಸಿ ಹೇಗೆ ನಿಂತಿದೆ ಎಂಬುದನ್ನು ಮನೆಯವರು ತಿಳಿದಿರಬೇಕು. ಗೋಡೆಯಿಂದ ಗೋಡೆಗೆ ಮರದ ಜಂತೆಗಳನ್ನು ಹಾಸಿ, ಅವುಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಓರೆ ಸಾಲಿನಲ್ಲಿ ಸುಣ್ಣದ ಗಾರೆಯಿಂದ ಬಂಧಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಬೆರೆಸಿದ ದಪ್ಪ ಪದರವನ್ನು ಹರಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತಾ, ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿದು ದಮ್ಮಸು ಮಾಡುತ್ತಾರೆ. ಎಲ್ಲಕ್ಕಿಂತ ಮೇಲೆ ಚಪ್ಪಟೆ ಬಿಲ್ಲೆಗಳು. ಇದು ನೂರು ವರ್ಷ ಬಾಳುವ ಕೆಲಸ, ಆದರೆ ಅದರ ಪ್ರಾಣವಿರುವುದು ಜಂತೆಯ ತುದಿಗಳಲ್ಲಿ. ಗೋಡೆಯೊಳಗೆ ಹುದುಗಿದ ಆ ಒಂದು ಗೇಣು ಮರಕ್ಕೆ ಗಾಳಿಯಾಡುವುದಿಲ್ಲ; ನೀರು ಹೋಗುವ ದೋಣಿ ಒಡೆದರೆ, ತಾರಸಿಯ ಅಂಚಿನಲ್ಲಿ ಅರಳಿ ಗಿಡ ಬೇರು ಬಿಟ್ಟರೆ, ಮೊದಲು ಕೊಳೆಯುವುದು ಅದೇ. ನಡುವಿನ ಮರ ಗಟ್ಟಿಯಾಗಿಯೇ ಇರುತ್ತದೆ, ಆದ್ದರಿಂದ ಕೆಳಗಿನಿಂದ ನೋಡಿದವರಿಗೆ ಅಪಾಯ ಕಾಣುವುದಿಲ್ಲ. ಸೋರುತ್ತದೆಂದು ವರ್ಷ ವರ್ಷ ಮೇಲೆ ಇನ್ನೊಂದು ಪದರ ಸಿಮೆಂಟು ಹಾಕಿಸಿದರೆ ಭಾರ ಹೆಚ್ಚುತ್ತದೆ, ತುದಿಯೋ ಸೊರಗುತ್ತಲೇ ಹೋಗುತ್ತದೆ. ಹಳೆಯ ತಾರಸಿಗಳು ಒಂದು ಮಳೆಯ ರಾತ್ರಿ ಇದ್ದಕ್ಕಿದ್ದಂತೆ ಕುಸಿಯುವುದು ಬಹಳ ಸಲ ಹೀಗೆಯೇ.

ಆದ್ದರಿಂದ ಖಾಲಿಯಿರುವ ಮೂರು ಮನೆಗಳಲ್ಲಿ ಪ್ರತಿಯೊಂದು ಜಂತೆಯ ಎರಡೂ ತುದಿಗಳನ್ನು ಬಿಡಿಸಿ ನೋಡಿಸಿ. ಅದಕ್ಕೆ ಮೊದಲು ಕಬ್ಬಿಣದ ಜಾಕಿಗಳನ್ನು ಕೊಟ್ಟು ಭಾರ ಹಿಡಿಯಬೇಕು. ತುದಿ ಮಾತ್ರ ಕೊಳೆತಿದ್ದರೆ ಇಡೀ ಜಂತೆಯನ್ನು ಬದಲಿಸಬೇಕಾಗಿಲ್ಲ: ಹಾಳಾದಷ್ಟನ್ನು ಕತ್ತರಿಸಿ, ಹಳೆಯ ಮನೆಗಳನ್ನು ಬಿಚ್ಚಿದಾಗ ಸಿಗುವ ಹದವಾದ ಮರವನ್ನು ಜೋಡಿಸಿ, ಎರಡೂ ಮಗ್ಗುಲಿಗೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಮಾಡಬಹುದು. ಗೋಡೆಯಲ್ಲಿ ಜಂತೆ ಕೂರುವ ಕಡೆ ಕಲ್ಲಿನ ಹಾಸು ಕೊಟ್ಟು, ಸುತ್ತ ಒಂದು ಬೆರಳಿನಷ್ಟು ಗಾಳಿ ಬಿಡಿ. ನಾನು ಮಾಡಿಸಿದ ಕೆಲಸಗಳಲ್ಲಿ ಸಾಮಾನ್ಯವಾಗಿ ಐದು ಜಂತೆಗಳಲ್ಲಿ ಒಂದೆರಡಕ್ಕೆ ಮಾತ್ರ ಇಂಥ ಚಿಕಿತ್ಸೆ ಬೇಕಾಗಿದೆ.

ಗೋಡೆಗಳ ವಿಷಯಕ್ಕೆ ಬಂದರೆ, ಆ ಸಿಮೆಂಟು ಗಿಲಾವನ್ನು ಕೆತ್ತಿಸಿ ತೆಗೆಯಲೇಬೇಕು. ಮಣ್ಣು ಅಥವಾ ಸುಣ್ಣದಲ್ಲಿ ಕಟ್ಟಿದ ಗೋಡೆ ನೆಲದಿಂದ ಹೀರಿದ ತೇವವನ್ನು ಹೊರಗೆ ಬಿಡುತ್ತಾ ಬದುಕುತ್ತದೆ. ಸಿಮೆಂಟು ಅದರ ಉಸಿರು ಕಟ್ಟಿಸುತ್ತದೆ. ತೇವ ಮೇಲಕ್ಕೇರಿ, ಲವಣಗಳು ಗಿಲಾವಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡುತ್ತವೆ. ತೆಗೆದ ಮೇಲೆ ಒಂದು ಬೇಸಿಗೆ ಗೋಡೆಯನ್ನು ಬರಿದಾಗಿ ಬಿಟ್ಟು ಒಣಗಿಸಿ, ಚೆನ್ನಾಗಿ ಅರಳಿದ ಸುಣ್ಣದಲ್ಲಿ ಗಿಲಾವು ಮಾಡಿಸಿ. ಸುಣ್ಣದ ಕೆಲಸ ದುಬಾರಿ ಎಂದು ಹೆದರಿಸುವವರಿದ್ದಾರೆ. ಸಾಮಗ್ರಿಯ ಬೆಲೆ ದೊಡ್ಡದಲ್ಲ; ಸಮಯ ಹಿಡಿಯುತ್ತದೆ, ಕೈಗೆಲಸ ಬಲ್ಲವರು ಬೇಕು. ಗಾರೆ ಅರೆಯುವ ಗಾಣ ಕಂಡಿರುವ ಹಿರಿಯ ಮೇಸ್ತ್ರಿಗಳು ಮೈಸೂರಿನ ಸುತ್ತಮುತ್ತ ಇನ್ನೂ ಇದ್ದಾರೆ, ಅವರ ಜೊತೆ ಇಬ್ಬರು ಹುಡುಗರು ಕಲಿಯುವ ಏರ್ಪಾಟು ಮಾಡಿಕೊಂಡರೆ ನಿಮ್ಮ ಮುಂದಿನ ಮನೆಗಳ ಕೆಲಸಕ್ಕೂ ಆಗುತ್ತದೆ.

ಗಿರಗಾಂವದ ಕನ್ನಡಿಗ, ಮುಂಬಯಿ (ಉತ್ತರ)

ನಾನು ಹುಟ್ಟಿ ಬೆಳೆದದ್ದು ಮುಂಬಯಿಯ ಚಾಳಿನಲ್ಲಿ, ಅಂದರೆ ಸಣ್ಣ ಬಾಡಿಗೆ ಮನೆಗಳು ಸಾಲಾಗಿರುವ ವಠಾರದಂಥ ಕಟ್ಟಡದಲ್ಲಿ. ನಮ್ಮ ತಂದೆ ಉಡುಪಿಯ ಕಡೆಯಿಂದ ಹೋಟೆಲು ಕೆಲಸಕ್ಕೆ ಬಂದವರು. ಬಾಡಿಗೆ ಕಡಿಮೆಯಿರಲಿ ಎಂಬ ನಿಮ್ಮ ಆಸೆ ನನಗೆ ಬಹಳ ಹಿಡಿಸಿತು. ಆದರೂ ನಮ್ಮ ಊರಿನ ಅನುಭವದಿಂದ ಒಂದು ಎಚ್ಚರಿಕೆ ಹೇಳಬೇಕು.

ಇಲ್ಲಿ 1947ರ ಬಾಡಿಗೆ ನಿಯಂತ್ರಣ ಕಾಯ್ದೆಯು ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಕಾಲದ ಬೆಲೆಯೇರಿಕೆಯಲ್ಲಿ ಬಡವರನ್ನು ಉಳಿಸಲು ಅದು ಬೇಕಾಗಿತ್ತು, ನಮ್ಮಂಥ ಸಾವಿರಾರು ಕುಟುಂಬಗಳು ಈ ನಗರದಲ್ಲಿ ನೆಲೆಯೂರಿದ್ದು ಅದರಿಂದಲೇ. ಆದರೆ ದಶಕಗಳು ಕಳೆದರೂ ಬಾಡಿಗೆ ಕದಲಲಿಲ್ಲ. ತಿಂಗಳಿಗೆ ಬರುವ ಹತ್ತಿಪ್ಪತ್ತು ರೂಪಾಯಿಯಲ್ಲಿ ಮೆಟ್ಟಿಲಿನ ಒಂದು ಹಲಗೆಯನ್ನೂ ಬದಲಿಸಲಾಗದ ಮಾಲೀಕರು ದುರಸ್ತಿಯನ್ನೇ ಕೈಬಿಟ್ಟರು, ಕಟ್ಟಡಗಳು ಮಳೆಗಾಲಕ್ಕೊಂದರಂತೆ ಬೀಳತೊಡಗಿದವು, ಕೊನೆಗೆ 1969ರ ಕಾಯ್ದೆಯ ಮೂಲಕ ಸರ್ಕಾರವೇ ದುರಸ್ತಿ ಮಂಡಳಿಯನ್ನು ಸ್ಥಾಪಿಸಿ ಕರ ಎತ್ತಬೇಕಾಯಿತು. ಬಾಡಿಗೆಯನ್ನು ಹೀಗೆ ಸ್ತಂಭನಗೊಳಿಸಿದ್ದು ಸಮಂಜಸವಲ್ಲವೆಂದು ಸುಪ್ರೀಂ ಕೋರ್ಟು 1997ರಲ್ಲಿ ಹೇಳಿತು. 1999ರ ಹೊಸ ಕಾಯ್ದೆಯಲ್ಲಿ ವರ್ಷಕ್ಕೆ ಶೇಕಡಾ 4ರಷ್ಟು ಏರಿಕೆಗೆ ಅವಕಾಶ ಬಂತು. ಅಷ್ಟರಲ್ಲಿ ಎಷ್ಟೋ ಚಾಳುಗಳು ರಿಪೇರಿಯ ಹಂತವನ್ನೇ ದಾಟಿದ್ದವು.

ಆದ್ದರಿಂದ ಅಮ್ಮಾ, ಬಾಡಿಗೆ ಕಡಿಮೆ ಇಡಿ, ಆದರೆ ಸತ್ತ ಬಾಡಿಗೆ ಇಡಬೇಡಿ. ಸುಣ್ಣ ಬಣ್ಣ, ಹೆಂಚು ಬದಲಾವಣೆ, ದೋಣಿ ತೊಳೆಯುವುದು, ಇವುಗಳ ಖರ್ಚು ಪ್ರತಿ ವರ್ಷ ಬಾಡಿಗೆಯೊಳಗಿಂದಲೇ ಹೊರಡಬೇಕು, ಅದಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು, ಲೆಕ್ಕವನ್ನು ಬಾಡಿಗೆಯವರಿಗೂ ತೋರಿಸಬೇಕು. ನಮ್ಮ ಚಾಳಿನಲ್ಲಿ ಮಾಲೀಕರಿಗೂ ನಮಗೂ ನಡುವೆ ಇದ್ದ ಅಪನಂಬಿಕೆಯೇ ಗೋಡೆಗಿಂತ ಮೊದಲು ಬಿರುಕು ಬಿಟ್ಟದ್ದು.

ಅಗ್ರಹಾರದ ಮೊಮ್ಮಗಳು, ಮೈಸೂರು

ಇಬ್ಬರಿಗೂ ಕೃತಜ್ಞತೆಗಳು. ಜಂತೆಯ ತುದಿಗಳ ವಿಷಯ ಓದಿದ ಮೇಲೆ ಖಾಲಿ ಮನೆಯೊಂದರಲ್ಲಿ ಟಾರ್ಚ್ ಹಿಡಿದು ನೋಡಿದೆ: ಮೂಲೆಯ ಎರಡು ಜಂತೆಗಳು ಗೋಡೆಯ ಹತ್ತಿರ ಕಪ್ಪಗಾಗಿವೆ, ಚಾಕು ಚುಚ್ಚಿದರೆ ಒಳಗೆ ಇಳಿಯುತ್ತದೆ. ಪಕ್ಕದ ಮನೆಯಲ್ಲಿ ಸಂಸಾರವಿದೆ. ಅವರನ್ನು ಎಲ್ಲಿಗೂ ಕಳುಹಿಸದೆ ಆ ಮನೆಯ ಕೆಲಸ ಮಾಡುವುದು ಹೇಗೆ? ಒಮ್ಮೆ ಹೊರಗೆ ಹೋದರೆ ಮತ್ತೆ ಬರಲು ಬಿಡುವುದಿಲ್ಲ ಎಂಬ ಭಯ ಅವರಿಗಿದೆ, ನಾನು ಎಷ್ಟು ಹೇಳಿದರೂ ಆ ಭಯ ಹೋಗುತ್ತಿಲ್ಲ.

ನಗರ ಯೋಜನೆಯ ಮೇಷ್ಟ್ರು (ಉತ್ತರ)

ನಿಮ್ಮ ಈ ಪ್ರಶ್ನೆಯನ್ನು ಐವತ್ತು ವರ್ಷಗಳ ಹಿಂದೆ ಇಟಲಿಯ ಬೊಲೋನ್ಯಾ ನಗರ ಎದುರಿಸಿತ್ತು, ಅಲ್ಲಿ ಕಂಡುಕೊಂಡ ಉಪಾಯ ನಿಮ್ಮ ಎಂಟು ಮನೆಗಳಿಗೆ ನೇರವಾಗಿ ಹೊಂದುತ್ತದೆ. ತರಗತಿಯಲ್ಲಿ ನಾನು ಅನೇಕ ವರ್ಷ ಪಾಠ ಮಾಡಿದ ವಿಷಯವಿದು, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬೊಲೋನ್ಯಾದ ಹಳೆಯ ಪೇಟೆಯಲ್ಲಿ, ಕಮಾನು ಮೊಗಸಾಲೆಗಳ ಹಿಂದೆ, ಕುಶಲಕರ್ಮಿಗಳೂ ಕಾರ್ಮಿಕರೂ ಶತಮಾನಗಳಿಂದ ವಾಸವಿದ್ದ ಕಿರಿದಾದ, ಆಳವಾದ ಸಾಲುಮನೆಗಳಿದ್ದವು. ಹಿಂದೆ ಹಿತ್ತಿಲು, ಒಳಗೆ ಒಂದೇ ಮೆಟ್ಟಿಲುಸಾಲು. ಎರಡನೆಯ ಮಹಾಯುದ್ಧದ ನಂತರ ಅವು ಶಿಥಿಲವಾದವು, ಜನ ಹೊರವಲಯದ ಹೊಸ ಬಡಾವಣೆಗಳಿಗೆ ಹೋಗತೊಡಗಿದರು. ಆಗ ನಗರಸಭೆಯಲ್ಲಿದ್ದ ವಾಸ್ತುಶಿಲ್ಪಿ ಪಿಯೆರ್ ಲೂಯಿಜಿ ಚೆರ್ವೆಲ್ಲಾಟಿ ಮತ್ತು ಅವರ ಸಂಗಡಿಗರು, ಅರಮನೆ, ಚರ್ಚುಗಳನ್ನು ಕಾಪಾಡುವಷ್ಟೇ ಶ್ರದ್ಧೆಯಿಂದ ಈ ಸಾಮಾನ್ಯ ಮನೆಗಳನ್ನೂ ಅವುಗಳಲ್ಲಿರುವ ಜನರನ್ನೂ ಒಟ್ಟಿಗೆ ಕಾಪಾಡಬೇಕೆಂದು ವಾದಿಸಿದರು. 1969ರಲ್ಲಿ ಹಳೆಯ ಪೇಟೆಗೆ ಸಂರಕ್ಷಣಾ ಯೋಜನೆ ಬಂತು; 1973ರಲ್ಲಿ, ಊರ ಹೊರಗೆ ಹೊಸ ಮನೆ ಕಟ್ಟಲೆಂದು ಇದ್ದ ಸಾರ್ವಜನಿಕ ವಸತಿ ಹಣವನ್ನು ಹಳೆಯ ಮನೆಗಳ ದುರಸ್ತಿಗೆ ತಿರುಗಿಸುವ ಯೋಜನೆ ಬಂತು. ವಸತಿ ಯೋಜನೆ ಎಂದರೆ ಹೊಸ ಕಟ್ಟಡ ಎಂದೇ ಎಲ್ಲರೂ ತಿಳಿದಿದ್ದ ಕಾಲದಲ್ಲಿ ಇದು ದೊಡ್ಡ ಹೆಜ್ಜೆ.

ಮೊದಲಿಗೆ ಮನೆಗಳನ್ನು ಸ್ವಾಧೀನಪಡಿಸಿಕೊಳ್ಳಲು ಯೋಚಿಸಿದ್ದರು. ಸಣ್ಣ ಮಾಲೀಕರ ವಿರೋಧ ಬಂದಾಗ ಅದನ್ನು ಬಿಟ್ಟು ಒಪ್ಪಂದದ ದಾರಿಗೆ ಬಂದರು: ದುರಸ್ತಿಗೆ ನಗರಸಭೆ ನೆರವು ಕೊಡುತ್ತದೆ, ಮಾಲೀಕರು ನಿಗದಿಯಾದ ಬಾಡಿಗೆಗೆ ಮತ್ತು ಹಿಂದಿನ ಬಾಡಿಗೆಯವರಿಗೇ ಮನೆ ಕೊಡಲು ಲಿಖಿತವಾಗಿ ಒಪ್ಪುತ್ತಾರೆ. ನಿಮಗೆ ಬೇಕಾದ ಉಪಾಯ ಮುಂದಿನದು. ಕೆಲಸ ನಡೆಯುವಾಗ ಕುಟುಂಬಗಳನ್ನು ದೂರಕ್ಕೆ ಕಳುಹಿಸದೆ, ಅದೇ ಬೀದಿಗಳಲ್ಲಿ ಮೊದಲು ಸರಿಪಡಿಸಿದ ಖಾಲಿ ಮನೆಗಳನ್ನು ತಂಗುಮನೆಗಳಂತೆ ಇಟ್ಟುಕೊಂಡು, ಒಂದೊಂದು ಕುಟುಂಬವನ್ನು ಅಲ್ಲಿಗೆ ಸರಿಸಿ, ಅವರ ಮನೆ ಮುಗಿದ ಮೇಲೆ ವಾಪಸು ತರುತ್ತಿದ್ದರು. ನಿಮ್ಮಲ್ಲಿ ಮೂರು ಮನೆಗಳು ಖಾಲಿಯಿರುವುದು ಈ ದೃಷ್ಟಿಯಿಂದ ಭಾಗ್ಯ. ಮೊದಲು ಅವುಗಳಲ್ಲಿ ಎರಡನ್ನು ಪೂರ್ತಿ ಮಾಡಿ. ಅಪಾಯದಲ್ಲಿರುವ ಜಂತೆಗಳ ಪಕ್ಕದ ಸಂಸಾರವನ್ನು ಅಂಗಳ ದಾಟಿಸಿ ಅಲ್ಲಿಗೆ ಕರೆತನ್ನಿ. ತಮ್ಮ ಮನೆಯ ಕೆಲಸವನ್ನು ಅವರು ಬೆಳಗ್ಗೆ ಸಂಜೆ ಕಣ್ಣೆದುರಿಗೇ ನೋಡುತ್ತಿರುತ್ತಾರೆ, ಆದ್ದರಿಂದ ಭಯಕ್ಕೆ ಜಾಗವಿರುವುದಿಲ್ಲ.

ಬೊಲೋನ್ಯಾದಲ್ಲಿ ಎಲ್ಲವೂ ಗೆದ್ದಿತೆಂದು ಹೇಳಿದರೆ ತಪ್ಪಾಗುತ್ತದೆ. ಯೋಚಿಸಿದಷ್ಟು ಮನೆಗಳ ಕೆಲಸ ಆಗಲಿಲ್ಲ, ಕಾಲಾನಂತರದಲ್ಲಿ ಹಳೆಯ ಪೇಟೆ ವಿದ್ಯಾರ್ಥಿಗಳಿಂದಲೂ ಪ್ರವಾಸಿಗರಿಂದಲೂ ದುಬಾರಿಯಾಯಿತು. ಒಪ್ಪಂದಕ್ಕೆ ಅವಧಿ ಇರುತ್ತದೆ. ಅವಧಿ ಮುಗಿದ ದಿನ ಮಾರುಕಟ್ಟೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಗ್ರ್ಯಾನ್‌ಬಿ ಬಡಾವಣೆಯ ಜನ ಇದಕ್ಕೆ ಬೇರೆ ಪರಿಹಾರ ಕಂಡುಕೊಂಡರು. 1981ರ ಗಲಭೆಯ ನಂತರ ಕ್ರಮೇಣ ಖಾಲಿಯಾಗಿ, ಕೆಡವುವ ಪಟ್ಟಿಗೆ ಸೇರಿ, ಕೊನೆಗೆ ನಾಲ್ಕು ಬೀದಿಗಳಷ್ಟೇ ಉಳಿದಿದ್ದವು. ಉಳಿದ ನಿವಾಸಿಗಳು, ಅದರಲ್ಲೂ ಹೆಂಗಸರು, ಮುಚ್ಚಿದ ಮನೆಗಳ ಕಿಟಕಿಗಳಿಗೆ ಬಣ್ಣ ಬಳಿದು, ಬೀದಿಯಲ್ಲಿ ಹೂಗಿಡ ಬೆಳೆಸಿ, ಸಂತೆ ನಡೆಸಿ, 2011ರಲ್ಲಿ ಸಮುದಾಯ ಭೂ ಟ್ರಸ್ಟ್ (ಜಾಗ, ಮನೆಗಳನ್ನು ಅಲ್ಲಿಯ ಜನರ ಪರವಾಗಿ ಒಟ್ಟಾಗಿ ಇಟ್ಟುಕೊಳ್ಳುವ ಸಂಸ್ಥೆ) ಕಟ್ಟಿಕೊಂಡರು. ನಗರಸಭೆಯಿಂದ ಹತ್ತು ಮನೆಗಳನ್ನು ಪಡೆದು ಅಸೆಂಬಲ್ ಎಂಬ ಯುವ ವಾಸ್ತುಶಿಲ್ಪ ತಂಡದ ಜೊತೆ ದುರಸ್ತಿ ಮಾಡಿದರು. ಆ ತಂಡಕ್ಕೆ 2015ರ ಟರ್ನರ್ ಬಹುಮಾನ, ಅಂದರೆ ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿ ಬಂತು. ನನಗೆ ಬಹುಮಾನಕ್ಕಿಂತ ಮುಖ್ಯವೆನಿಸುವುದು ಅವರ ನಿಯಮ: ಮನೆಯ ಬೆಲೆ ಮತ್ತು ಬಾಡಿಗೆ ಮಾರುಕಟ್ಟೆಗಲ್ಲ, ಆ ಪ್ರದೇಶದ ಜನರ ಆದಾಯಕ್ಕೆ ಕಟ್ಟುಬಿದ್ದಿರುತ್ತದೆ. ನಿಮ್ಮ ಬಾಡಿಗೆ ಕರಾರಿನಲ್ಲೂ ಇಂಥ ಒಂದು ಸಾಲು ಇರಲಿ.

ವಠಾರದಲ್ಲಿ ಬೆಳೆದವಳು, ಬೆಂಗಳೂರು (ಉತ್ತರ)

ಎಲ್ಲರೂ ಮಾಲೀಕರ ಕಡೆಯಿಂದ ಬರೆದಿದ್ದೀರಿ. ನಾನು ಬಸವನಗುಡಿಯ ವಠಾರವೊಂದರಲ್ಲಿ ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದ ಮನೆಯ ಮಗಳಾಗಿ ಬರೆಯುತ್ತಿದ್ದೇನೆ. ಅಂಗಳ, ಬಾವಿಕಟ್ಟೆ, ಕಂಬಗಳ ಬಗ್ಗೆ ಈಗ ಎಲ್ಲರೂ ಪ್ರೀತಿಯಿಂದ ಮಾತನಾಡುತ್ತಾರೆ, ನನಗೂ ಆ ಪ್ರೀತಿ ಇದೆ. ಆದರೆ ರಾತ್ರಿ ಮಳೆಯಲ್ಲಿ ಹಿತ್ತಿಲಿನ ಪಾಯಿಖಾನೆಗೆ ಹೋಗಬೇಕಾಗುತ್ತಿದ್ದ ನಮ್ಮ ಅಜ್ಜಿಯ ಕಷ್ಟವೂ, ಬೆಳಗ್ಗೆ ಏಳು ಗಂಟೆಯ ಸಾಲಿನಲ್ಲಿ ನಿಂತು ಕಾಲೇಜಿಗೆ ತಡವಾಗುತ್ತಿದ್ದ ನನ್ನ ಸಂಕಟವೂ ಆ ಕಟ್ಟಡದ್ದೇ. ದಯವಿಟ್ಟು ಪ್ರತಿ ಮನೆಗೂ ಅದರದೇ ಬಚ್ಚಲು, ಪಾಯಿಖಾನೆ ಮಾಡಿಕೊಡಿ. ಬೇಕಾದರೆ ಜಗಲಿಯ ಕೆಲಸ ಮುಂದಿನ ವರ್ಷಕ್ಕಿರಲಿ. ಬಾಡಿಗೆ ಐನೂರು ರೂಪಾಯಿ ಹೆಚ್ಚಾಗುವುದೆಂದರೂ ನಮ್ಮ ಅಮ್ಮ ಇದಕ್ಕೆ ಮನಸಾರೆ ಒಪ್ಪುತ್ತಿದ್ದಳು.

ಇನ್ನೊಂದು ಮಾತು. ಕೆಲಸ ಆರಂಭಿಸುವ ಮೊದಲು ಐದೂ ಮನೆಯವರನ್ನು ಅಂಗಳದಲ್ಲಿ ಕೂರಿಸಿ, ಎಲ್ಲೆಲ್ಲಿ ಸೋರುತ್ತದೆ, ಯಾವ ಗೋಡೆ ತೇವ, ಯಾವ ಸ್ವಿಚ್ಚು ಷಾಕ್ ಹೊಡೆಯುತ್ತದೆ ಎಂದು ಕೇಳಿ. ಎಂಜಿನಿಯರಿಗೆ ಒಂದು ಭೇಟಿಯಲ್ಲಿ ಕಾಣದಿರುವುದು ಅಲ್ಲಿ ಹತ್ತು ಮಳೆಗಾಲ ಪಾತ್ರೆಯಿಟ್ಟವರಿಗೆ ಗೊತ್ತಿರುತ್ತದೆ.

ಲೆಕ್ಕಪತ್ರ (ಉತ್ತರ)

ಹಣ ಮತ್ತು ಕಾಗದಪತ್ರದ ವಿಷಯ. ಮೊದಲನೆಯದಾಗಿ ನಾಲ್ವರು ಹಕ್ಕುದಾರರ ಒಪ್ಪಿಗೆ ಲಿಖಿತವಾಗಿ, ನೋಂದಣಿಯಾಗಿ ಇರಬೇಕು. ನಾಳೆ ಒಬ್ಬರು ತಮ್ಮ ಪಾಲು ಬೇಕೆಂದು ವಿಭಾಗದ ದಾವೆ ಹೂಡಿದರೆ ಅರ್ಧಕ್ಕೆ ನಿಂತ ಕೆಲಸ ಎಲ್ಲರಿಗೂ ನಷ್ಟ. ತಮ್ಮಂದಿರಿಗೆ ಹಣದ ಅಗತ್ಯವಿದ್ದರೆ ಅವರ ಪಾಲನ್ನು ಕಂತುಗಳಲ್ಲಿ ಕೊಂಡುಕೊಳ್ಳುವ ಮಾತು ಆಡಿ ನೋಡಿ. ನಾಲ್ವರೂ ಒಂದೇ ಮನಸ್ಸಿನವರಾದರೆ ಕುಟುಂಬದ ಟ್ರಸ್ಟ್ ಮಾಡಿ, ಬಾಡಿಗೆಯ ನಿಯಮವನ್ನು ಅದರ ಪತ್ರದಲ್ಲೇ ಬರೆಯಬಹುದು. ಮೇಷ್ಟ್ರು ಹೇಳಿದ ಅವಧಿಯ ತೊಂದರೆ ಆಗ ಬಹಳ ಮಟ್ಟಿಗೆ ತಪ್ಪುತ್ತದೆ.

ಒಂದು ಮನೆಯ ಸೂರು, ಗೋಡೆ, ಬಚ್ಚಲು, ವೈರಿಂಗ್ ಎಲ್ಲ ಸೇರಿ 5 ಲಕ್ಷ ಆಗುತ್ತದೆಂದು ಇಟ್ಟುಕೊಳ್ಳಿ. ಬಾಡಿಗೆ 6,000 ಆದರೆ ವರ್ಷಕ್ಕೆ 72,000. ಅದರ ಕಾಲು ಭಾಗ, ಅಂದರೆ 18,000, ಮುಂಬಯಿಯವರು ಹೇಳಿದ ದುರಸ್ತಿ ಖಾತೆಗೆ ಹೋದರೆ 54,000 ಉಳಿಯುತ್ತದೆ. ಬಡ್ಡಿಯಿಲ್ಲದ ಸ್ವಂತ ಹಣವಾದರೆ ಒಂಬತ್ತು ವರ್ಷ ಚಿಲ್ಲರೆಯಲ್ಲಿ ವಾಪಸು ಬರುತ್ತದೆ. ಬ್ಯಾಂಕಿನ ಸಾಲವಾದರೆ ಈ ಬಾಡಿಗೆಯಲ್ಲಿ ಬಡ್ಡಿಯೇ ಬಹುಪಾಲನ್ನು ತಿನ್ನುತ್ತದೆ. ಆದ್ದರಿಂದ ಎಂಟಕ್ಕೂ ಒಟ್ಟಿಗೆ ಸಾಲ ಮಾಡಬೇಡಿ. ಎರಡು ಮನೆ ಮುಗಿಸಿ, ಮೂರನೆಯ ಖಾಲಿ ಮನೆಯನ್ನು ಸ್ವಲ್ಪ ಹೆಚ್ಚಿನ ಬಾಡಿಗೆಗೆ ಕೊಟ್ಟು, ಬಂದದ್ದನ್ನು ಮುಂದಿನ ಮನೆಗೆ ಹಾಕಿ. ತಂಗುಮನೆಯ ಕೆಲಸ ಮುಗಿದ ಮೇಲೆ ಅವುಗಳಲ್ಲಿ ಒಂದನ್ನು ಭೋಗ್ಯಕ್ಕೆ ಹಾಕಿದರೂ ಇಡಿಗಂಟು ಬರುತ್ತದೆ, ಆದರೆ ಅವಧಿ ಮುಗಿದಾಗ ಅದನ್ನು ಹಿಂದಿರುಗಿಸಬೇಕೆಂಬುದನ್ನು ಮರೆಯಬೇಡಿ. ಮನೆ ಬಾಡಿಗೆಯ ಆದಾಯದಲ್ಲಿ ನೀವು ಎಷ್ಟೇ ಖರ್ಚು ಮಾಡಿದರೂ ಮಾಡದಿದ್ದರೂ ಶೇಕಡಾ 30ರಷ್ಟನ್ನು ಆದಾಯ ತೆರಿಗೆ ಕಾನೂನು ಬಿಟ್ಟುಕೊಡುತ್ತದೆ, ಪಾಲು ನಿಶ್ಚಿತವಾಗಿದ್ದರೆ ನಾಲ್ವರಿಗೂ ಬೇರೆ ಬೇರೆಯಾಗಿ ಲೆಕ್ಕ ಹಾಕಬಹುದು.

ಕರ್ನಾಟಕ ಬಾಡಿಗೆ ಕಾಯ್ದೆ, 1999, ಪ್ರದೇಶವನ್ನು ನೋಡಿ ತಿಂಗಳಿಗೆ 3,500 ಅಥವಾ 2,000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ನಿಮ್ಮ ಕೆಲವು ಬಾಡಿಗೆಯವರಿಗೆ ಈಗ ಆ ಕಾಯ್ದೆಯ ರಕ್ಷಣೆ ಇರಬಹುದು, ಬಾಡಿಗೆ ಏರಿದ ದಿನ ಅದು ಹೋಗುತ್ತದೆ. ಅದಕ್ಕೆ ಬದಲಾಗಿ ನೀವು ಅವರಿಗೆ ಏನು ಕೊಡುತ್ತೀರಿ ಎಂಬುದನ್ನು ಕರಾರಿನಲ್ಲಿ ಸ್ಪಷ್ಟವಾಗಿ ಬರೆಯುವುದು ನ್ಯಾಯ. ಹನ್ನೊಂದು ತಿಂಗಳ ಕಾಗದ ಸಾಲದು. ಐದು ವರ್ಷದ ನೋಂದಾಯಿತ ಕರಾರು ಮಾಡಿ, ಕೆಲಸಕ್ಕಾಗಿ ಮನೆ ಬಿಟ್ಟವರಿಗೆ ಅದೇ ಮನೆ ಹಿಂದಿರುಗಿಸುವ ಷರತ್ತನ್ನೂ ವಾರ್ಷಿಕ ಏರಿಕೆಯ ಮಿತಿಯನ್ನೂ ಅದರಲ್ಲಿ ಸೇರಿಸಿ.

ಅಗ್ರಹಾರದ ಮೊಮ್ಮಗಳು, ಮೈಸೂರು

ಎಲ್ಲರ ಉತ್ತರಗಳನ್ನೂ ಮುದ್ರಿಸಿ ಅಕ್ಕನಿಗೂ ತಮ್ಮಂದಿರಿಗೂ ಓದಲು ಕೊಟ್ಟೆ. ಭಾನುವಾರ ಅಂಗಳದಲ್ಲಿ ಐದೂ ಮನೆಯವರ ಜೊತೆ ಕುಳಿತೆವು. ದರ್ಜಿಯವರ ಹೆಂಡತಿ ತೋರಿಸಿದ ಮೇಲೆಯೇ ನಮಗೆ ತಿಳಿದದ್ದು, ಸೋರಿಕೆಯ ಮೂಲ ನಾವು ತಿಳಿದಿದ್ದ ತಾರಸಿಯಲ್ಲಲ್ಲ, ಹೆಂಚಿನ ಮಾಡು ತಾರಸಿಗೆ ಸೇರುವ ಮೂಲೆಯ ದೋಣಿಯಲ್ಲಿ. ಹೋಂಸ್ಟೇ ಬೇಕೆಂದಿದ್ದ ತಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಎರಡು ಖಾಲಿ ಮನೆಗಳ ಕೆಲಸಕ್ಕೆ ಸಹಿ ಹಾಕಿದ್ದಾನೆ. ಕರಾರಿನ ಕರಡನ್ನು ನಿವೃತ್ತ ಶಿಕ್ಷಕಿಯವರೇ ಬರೆಯಲು ಒಪ್ಪಿಕೊಂಡಿದ್ದಾರೆ. ನಾಳೆ ಜಾಕಿಗಳು ಬರುತ್ತವೆ.

ಸುಣ್ಣ-ಗಾರೆ

ಬಹಳ ಸಂತೋಷ, ಮೇಡಂ. ಜಾಕಿಯ ಕೆಳಗೆ ಮಣೆಯಂಥ ಅಗಲವಾದ ಹಲಗೆ ಇರಲಿ, ನೇರವಾಗಿ ನೆಲದ ಮೇಲೆ ನಿಲ್ಲಿಸಬೇಡಿ. ಮೊದಲ ದಿನವೇ ಆ ಮೂಲೆಯ ದೋಣಿಯನ್ನು ಬಿಚ್ಚಿಸಿ. ಜಂತೆಯ ತುದಿ ತೆರೆದ ಮೇಲೆ ಫೋಟೋ ಇಲ್ಲಿ ಹಾಕಿದರೆ, ಎಷ್ಟು ಕತ್ತರಿಸಬೇಕೆಂದು ಹೇಳುತ್ತೇನೆ.